ಮಗಳಿಗೊಂದು ಪತ್ರ: ಹೊಟ್ಟೆ ಇರೋ ಗಿಟಾರೇ ಯಾಕೆ ಅಂದ್ಯಲ್ಲ

ಕುವೆಂಪುನಗರ, ಮೈಸೂರು

ಪುಟ್ಟಿ,

ಮೊನ್ನೆ ಫೋನಲ್ಲಿ ಕೇಳಿದ್ಯಲ್ಲ, ಎಲೆಕ್ಟ್ರಿಕ್ ಗಿಟಾರೇ ಬೇಕು ಅಂದಿದ್ರೆ ತೆಳ್ಳಗೆ ಸ್ಟೈಲಾಗಿರೋದು ತಗೋಬೋದಿತ್ತು, ಇದೇನಮ್ಮ ಬೂದುಗುಂಬಳಕಾಯಿ ಥರ ಹೊಟ್ಟೆ ಬಿಟ್ಕೊಂಡಿರೋದು ತಂದಿದೀಯ ಅಂತ. ಫೋನಲ್ಲಿ ಹೇಳಕ್ಕೆ ಶುರು ಮಾಡಿದ್ರೆ ಅಷ್ಟೊತ್ತಿಗೆ ಸರಿಯಾಗಿ ನಿಂಗೊಂದು ಮೀಟಿಂಗ್ ಬಂದ್ಬಿಡುತ್ತೆ, ಅದಕ್ಕೇ ಬರೀತಿದೀನಿ, ಮೆಟ್ರೋಲಿ ಹೋಗ್ತಾ ಓದ್ಕೋ. ಬ್ರ್ಯಾಂಡ್ ಯಾವ್ದು ಅಂತ ಮಾತ್ರ ಬರಿಯಲ್ಲ, ಬರೆದ್ರೆ ನೀನು ರೇಟ್ ಹುಡುಕ್ತೀಯ, ಹುಡುಕಿ ನಿಮ್ಮಪ್ಪಂಗೆ ಹೇಳ್ತೀಯ.

ನೀನು ಬಿಟ್ಟೋದ ಅಕೂಸ್ಟಿಕ್ ಗಿಟಾರಲ್ಲೇ ಅಲ್ವಾ ನಾನು ಕಲ್ತಿದ್ದು, ಅದರ ಮೇಲೆ ನಂಗೇನೂ ಕೋಪ ಇಲ್ಲ, ಆದ್ರೆ ಅದು ಪಾಪ ಗುಂಪಲ್ಲಿ ಕೂತು ಮೂರ್ನಾಲ್ಕು ಸ್ವರ ಒಟ್ಟಿಗೆ ಬರೋ ಕಾರ್ಡ್ ಹಿಡ್ಕೊಂಡು ಜರಜರ ಅಂತ ಬಾರ್ಸಿ ಹಾಡೋರಿಗೆ ಹೇಳಿ ಮಾಡಿಸಿದ್ದು. ನಾನು ಹಾಡೋದೂ ಇಲ್ಲ, ಬಾರ್ಸೋದೂ ಇಲ್ಲ. ನಂಗೆ ಒಂದೊಂದೇ ಸ್ವರ ದುಂಡಗೆ, ನಿಧಾನಕ್ಕೆ, ಮೂಲೆ ಇಲ್ಲದ ಹಂಗೆ ಬರ್ಬೇಕು. ಸರಿ ಹಂಗಾದ್ರೆ ನೀನು ಹೇಳೋ ತೆಳ್ಳಗಿನ ಗಿಟಾರ್ ತಗೋ ಅಂದ್ರೆ, ಅದು ಗಟ್ಟಿ ಮರದ ಹಲಗೆ ಕಣೇ, ಆಂಪ್ಲಿಫೈಯರ್ಗೆ ಹಾಕ್ದೆ ನುಡಿಸಿದ್ರೆ ಟಿಣ್ ಟಿಣ್ ಅಂತ ಪಕ್ಕದಲ್ಲಿ ಕೂತೋರಿಗೂ ಕೇಳಲ್ಲ. ಪ್ರತಿ ಸಲ ವೈರು, ಪ್ಲಗ್ಗು, ಸ್ವಿಚ್ಚು. ಬೆಳಿಗ್ಗೆ ಹಾಲು ಉಕ್ಕೋಕೆ ಮುಂಚೆ ಎರಡು ನಿಮಿಷ ನುಡಿಸ್ಬೇಕು ಅಂತ ಅನ್ಸುತ್ತಲ್ಲ, ಅವಾಗ ಇದೆಲ್ಲ ಯಾರ್ ಜೋಡಿಸ್ತಾರೆ.

ಇದು ಹಂಗಲ್ಲ. ಒಳಗೆ ಪೂರ್ತಿ ಟೊಳ್ಳು. ಬೆರಳ ಗೆಣ್ಣಲ್ಲಿ ತಟ್ಟಿದ್ರೆ ಡುಬ್ ಅಂತ ಒಳ್ಳೆ ತುಂಬಿದ ಸದ್ದು ಬರುತ್ತೆ. ಪಿಟೀಲಿಗೆ ಇರುತ್ತಲ್ಲ ಆಚೆಗೊಂದು ಈಚೆಗೊಂದು ಎಫ್ ಅಕ್ಷರದ ತೂತು, ಇದಕ್ಕೂ ಹಂಗೇ ಇದೆ, ಅದರೊಳಕ್ಕೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರೆ ಸೀರಿಯಲ್ ನಂಬರ್ ಚೀಟಿ, ತಂತಿ ನಡುಕನ ಕರೆಂಟ್ ಮಾಡಿ ಕಳ್ಸೋ ಪಿಕಪ್ಪಿನ ವೈರು, ಅಂಟು ಒಣಗಿರೋ ಗುರುತು ಎಲ್ಲ ಕಾಣುತ್ತೆ. ಬಣ್ಣ ಸನ್‌ಬರ್ಸ್ಟ್, ನಡುವೆ ಜೇನುತುಪ್ಪ, ಅಂಚಿಗೆ ಬರ್ತಾ ಬರ್ತಾ ಕಾಫಿ ಡಿಕಾಕ್ಷನ್. ಮೇಪಲ್ ಮರದ ತೆಳು ಪದರಗಳನ್ನ ಅಂಟಿಸಿ ಒತ್ತಿ ಬಗ್ಗಿಸಿರೋ ಬಾಡಿ, ಅಂದ್ರೆ ಪ್ಲೈವುಡ್ಡೇ ಅಂದ್ಕೋ. ನಿಮ್ಮಪ್ಪ ಇದನ್ನ ಕೇಳಿ ಮುಖ ಸಿಂಡರಿಸಿದ್ರು, ಇಷ್ಟು ದುಡ್ಡು ಕೊಟ್ಟು ಪ್ಲೈವುಡ್ಡಾ ಅಂತ. ಅಮೆರಿಕದ ಗಿಬ್ಸನ್ ಅನ್ನೋ ಗಿಟಾರ್ ಕಂಪನಿಯೋರು 1949ರಲ್ಲಿ ತಂದ ಇಎಸ್-175, ಜಾಝ್ ಗಿಟಾರ್ ಅಂದ್ರೆ ಎಲ್ರಿಗೂ ಕಣ್ಮುಂದೆ ಬರೋದೇ ಅದು, ಅದೂ ಇಂಥ ಮೇಪಲ್ ಪ್ಲೈವುಡ್ಡೇ. ಪದರ ಪದರ ಇದ್ರೆ ಹವಾಮಾನಕ್ಕೆ ಅಷ್ಟು ಬೇಗ ಸೊಟ್ಟ ಆಗಲ್ಲ, ಮಾರ್ಚ್‌ನ ಒಣ ಬಿಸಿಲು, ಜುಲೈನ ಜಿಟಿಜಿಟಿ ಮಳೆ ಎರಡನ್ನೂ ತಡ್ಕೊಳುತ್ತೆ. ಫ್ರೆಟ್‌ಬೋರ್ಡ್, ಅಂದ್ರೆ ಬೆರಳು ಒತ್ತೋ, ಲೋಹದ ಗೆರೆ (ಫ್ರೆಟ್) ಕೂರಿಸಿರೋ ಪಟ್ಟಿ, ಅದು ಮಾತ್ರ ರೋಸ್‌ವುಡ್, ಅಂದ್ರೆ ನಮ್ಮ ಬೀಟೆ. ಅರಮನೆ ಬಾಗಿಲಿಗೆ ದಂತ ಕೂರಿಸಿದಾರಲ್ಲ, ಮಂಡಿ ಮೊಹಲ್ಲಾದಲ್ಲಿ ಕೂತು ಆನೆ, ಹಳ್ಳಿ, ತೇರು ಎಲ್ಲ ಕೊರೆದು ಇನ್‌ಲೇ ಮಾಡ್ತಾರಲ್ಲ, ಆ ಬೀಟೆ. ಬ್ರೆಜಿಲ್‌ನ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ ಅಂತಾರಾಷ್ಟ್ರೀಯ ನಿರ್ಬಂಧ ಬಿತ್ತಲ್ಲ, ಆಮೇಲಂತೂ ಗಿಟಾರ್ ಮಾಡೋರೆಲ್ಲ ಭಾರತದ ಬೀಟೆ ಹಿಂದೆ ಬಿದ್ರು.

ಈಗ ಅಸಲು ವಿಷ್ಯ, ಈ ಟೊಳ್ಳು ಹೊಟ್ಟೆಗೆ ಕರೆಂಟ್ ಯಾಕೆ ಬಂತು ಅಂತ. 1930ರ ದಶಕದಲ್ಲಿ ಅಮೆರಿಕದ ದೊಡ್ಡ ಬ್ಯಾಂಡ್‌ಗಳಲ್ಲಿ ಒಂದು ಕಡೆ ಟ್ರಂಪೆಟ್, ಒಂದು ಕಡೆ ಸ್ಯಾಕ್ಸೋಫೋನ್, ಹಿಂದೆ ಡ್ರಮ್ಸು, ಮಧ್ಯೆ ಕೂತ ಗಿಟಾರ್‌ನೋನ ಕೈ ಆಡೋದು ಕಾಣ್ತಿತ್ತೇ ಹೊರತು ಏನ್ ನುಡಿಸ್ತಿದಾನೆ ಅಂತ ಯಾರಿಗೂ ಕೇಳ್ತಿರ್ಲಿಲ್ಲ. 1936ರಲ್ಲಿ ಗಿಬ್ಸನ್ ಅದೇ ಟೊಳ್ಳು ಗಿಟಾರ್‌ಗೆ ಒಂದು ಪಿಕಪ್ ಕೂರಿಸಿ ಇಎಸ್-150 ಅಂತ ಬಿಟ್ರು. ಚಾರ್ಲಿ ಕ್ರಿಶ್ಚಿಯನ್ ಅಂತ ಒಬ್ಬ ಹುಡುಗ ಅದನ್ನ ಹಿಡ್ಕೊಂಡು 1939ರಲ್ಲಿ ಬೆನ್ನಿ ಗುಡ್‌ಮನ್ ಬ್ಯಾಂಡ್ ಸೇರ್ದ, ಅಲ್ಲಿಂದಾಚೆ ಗಿಟಾರ್ ಹಿಂದಿನ ಬೆಂಚಿಂದ ಎದ್ದು ಮುಂದಕ್ಕೆ ಬಂತು, ಸ್ಯಾಕ್ಸೋಫೋನ್ ಪಕ್ಕ ನಿಂತು ಸೋಲೋ ಹೊಡೀತು. ಅವನು 1942ರಲ್ಲಿ ಟಿಬಿ ಬಂದು ಹೋಗ್ಬಿಟ್ಟ, ಬರೀ 25 ವರ್ಷ, ನಿನಗಿಂತ ಚಿಕ್ಕೋನು.

ಇದನ್ನ ಓದ್ತಿದ್ದಾಗ ನಂಗೆ ನೆನಪಾಗಿದ್ದು ಯಾರು ಗೊತ್ತಾ, ನಮ್ಮ ತಿರುಮಕೂಡಲು ಚೌಡಯ್ಯನವರು. ಮೈಕ್ ಇಲ್ಲದ ಕಾಲ, ದೊಡ್ಡ ಸಭೆ, ಪಿಟೀಲು ಹಿಂದಿನ ಸಾಲಿಗೆ ಕೇಳಲ್ಲ, ಅದಕ್ಕೇ ಅಲ್ವಾ ನಾಲ್ಕು ತಂತಿ ಜಾಗದಲ್ಲಿ ಏಳು ತಂತಿ ಹಾಕ್ಕೊಂಡ್ರು. ನಿಮ್ಮ ಬೆಂಗಳೂರಿನ ಚೌಡಯ್ಯ ಹಾಲ್ ಪಿಟೀಲಿನ ಆಕಾರದಲ್ಲಿದೆಯಲ್ಲ, ಅದರ ಮೇಲೂ ಏಳು ತಂತಿ ಇದೆ, ಇನ್ನೊಂದ್ಸಲ ಆ ಕಡೆ ಹೋದಾಗ ಎಣಿಸು. ಇವರು ತಂತಿ ಜಾಸ್ತಿ ಮಾಡಿದ್ರು, ಅವರು ಕರೆಂಟ್ ಕೊಟ್ರು, ಕಷ್ಟ ಒಂದೇ. ಇನ್ನು ಮೈಸೂರಲ್ಲಿ ಇಂಥ ಸಂಗೀತ ಯಾರ್ ಕೇಳ್ತಾರಮ್ಮ ಅಂದ್ಯಲ್ಲ, ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು, ಜಯಚಾಮರಾಜ ಒಡೆಯರು ರಷ್ಯಾದ ಮೆಟ್ನರ್ ಅನ್ನೋ ಸಂಗೀತಗಾರನ ಕೃತಿಗಳನ್ನ ಲಂಡನ್‌ನಲ್ಲಿ ರೆಕಾರ್ಡ್ ಮಾಡ್ಸೋಕೆ ದುಡ್ಡು ಕೊಟ್ಟಿದ್ರು, ಆತ ತನ್ನ ಮೂರನೇ ಪಿಯಾನೋ ಕನ್ಸರ್ಟೋನ ಇವರಿಗೇ ಅರ್ಪಣೆ ಮಾಡಿದಾನೆ. ಅದರ ಮುಂದೆ ಕುವೆಂಪುನಗರದ ವರಾಂಡದಲ್ಲಿ ನಂದೊಂದು ಗಿಟಾರ್ ಏನ್ ಮಹಾ.

ತಂತಿ ವಿಷ್ಯಕ್ಕೆ ಬರ್ತೀನಿ, ನಂಗೆ ಅತಿ ಖುಷಿ ಕೊಟ್ಟಿದ್ದು ಅದೇ. ಇದಕ್ಕೆ ಫ್ಲಾಟ್‌ವೂಂಡ್ ಅಂತ ಹಾಕ್ಸಿದೀನಿ. ನಿನ್ನ ಗಿಟಾರ್ ತಂತಿ ಮೇಲೆ ದುಂಡು ವೈರ್ ಸುತ್ತಿರ್ತಾರೆ, ಬೆರಳು ಜಾರಿಸಿದ್ರೆ ಕೀಚ್ ಅನ್ನುತ್ತೆ, ಇದರ ಮೇಲೆ ಚಪ್ಪಟೆ ಪಟ್ಟಿ ಸುತ್ತಿರ್ತಾರೆ, ನುಣ್ಣಗೆ, ಮೂರನೇ ಫ್ರೆಟ್ಟಿಂದ ಹತ್ತನೇ ಫ್ರೆಟ್‌ವರೆಗೆ ಜಾರ್ಕೊಂಡು ಹೋದ್ರೂ ಒಂದ್ ಸದ್ದಿಲ್ಲ. ಮೋಹನದಲ್ಲಿ ಗಾಂಧಾರದಿಂದ ಪಂಚಮಕ್ಕೆ ಜಾರು ಹಾಕಿ ನೋಡ್ದೆ, ಅಯ್ಯೋ ಏನ್ ಹೇಳ್ಲಿ. ವೀಣೆ ಥರ ಎಳೆದು ಗಮಕ ಮಾಡೋಕೆ ಹೋದ್ರೆ ಬೆರಳು ಕಿತ್ತೋಗುತ್ತೆ, ತಂತಿ ದಪ್ಪ, ಬಗ್ಗಲ್ಲ, ಜಾರೋದಕ್ಕೆ ಮಾತ್ರ ಒಪ್ಪುತ್ತೆ. ಪಿಕ್ ಬಿಟ್ಟು ಹೆಬ್ಬೆರಳಲ್ಲೇ ಮೀಟ್ತೀನಿ. ವೆಸ್ ಮಾಂಟ್ಗೊಮೆರಿ ಅಂತ ಇಂಡಿಯಾನಾಪೊಲಿಸ್‌ನೋನು, ಹಗಲೆಲ್ಲ ಫ್ಯಾಕ್ಟ್ರಿ ಕೆಲಸ, ರಾತ್ರಿ ಪ್ರಾಕ್ಟೀಸು, ಅಕ್ಕಪಕ್ಕದೋರು ಬೈತಾರೆ ಅಂತ ಹೆಬ್ಬೆರಳಲ್ಲಿ ನುಡಿಸೋದು ರೂಢಿ ಮಾಡ್ಕೊಂಡ ಅಂತಾರೆ, ಮುಂದೆ ಅದೇ ಅವನ ಗುರುತಾಯ್ತು. ನಮ್ಮ ಪಕ್ಕದ ಮನೆಯೋರು ಇನ್ನೂ ಬೈದಿಲ್ಲ. ಸೊಪ್ಪಿನವ್ವ ಮಾತ್ರ ಗೇಟ್ ಹತ್ರ ಬುಟ್ಟಿ ಇಳಿಸಿ ಅದೇನಕ್ಕ ವೀಣೆನಾ ಅಂದ್ಲು, ಹೂಂ ಅಂದ್ಬಿಟ್ಟೆ, ಯಾರ್ ಬಿಡ್ಸಿ ಹೇಳ್ತಾರೆ.

ಪ್ಲಗ್ ಹಾಕ್ದೆ ನುಡಿಸಿದ್ರೆ ಮರದ ಸದ್ದು, ಹಾಕಿ ಟೋನ್ ನಾಬ್ ಅರ್ಧಕ್ಕೆ ತಿರುಗಿಸಿದ್ರೆ ಅದೇ ಸದ್ದು ಕಂಬಳಿ ಹೊದ್ಕೊಂಡು ಬರುತ್ತೆ. ವಾಲ್ಯೂಮ್ ಮಾತ್ರ ಏರ್ಸಂಗಿಲ್ಲ. ಏರ್ಸಿದ್ರೆ ಏನಾಗುತ್ತೆ ಅಂದ್ರೆ, ಸ್ಪೀಕರ್ ಸದ್ದಿಗೆ ಟೊಳ್ಳು ಬಾಡಿ ನಡುಗುತ್ತೆ, ಬಾಡಿ ನಡುಗಿದ್ರೆ ತಂತಿ ನಡುಗುತ್ತೆ, ಅದನ್ನ ಪಿಕಪ್ ಹಿಡಿದು ಮತ್ತೆ ಸ್ಪೀಕರ್ಗೆ ಕಳ್ಸುತ್ತೆ, ಹಿಂಗೇ ಸುತ್ತಿ ಸುತ್ತಿ ಊಂ ಅಂತ ಮನೆ ತುಂಬ್ಕೊಳುತ್ತೆ, ನಾನು ತಂತಿ ಮುಟ್ಟೇ ಇರಲ್ಲ. ಮೊದಲ್ನೇ ಸಲ ಆದಾಗ ನಿಮ್ಮಪ್ಪ ಮೇನ್ ಸ್ವಿಚ್ ಆಫ್ ಮಾಡಕ್ಕೆ ಓಡಿದ್ರು. ಈ ಕಾಟಕ್ಕೇ 1950ರ ಆಸುಪಾಸಲ್ಲಿ ನೀನು ಹೇಳೋ ಹಲಗೆ ಗಿಟಾರ್‌ಗಳು ಬಂದಿದ್ದು, 1958ರಲ್ಲಿ ಗಿಬ್ಸನ್‌ನೋರು ನಡುವೆ ಮರದ ದಿಮ್ಮಿ ಕೂರಿಸಿ ಎರಡೂ ಕಡೆ ಟೊಳ್ಳು ಬಿಟ್ಟು ಇಎಸ್-335 ಅಂತ ರಾಜಿ ಪಂಚಾಯ್ತಿ ಮಾಡಿದ್ದೂ ಇದಕ್ಕೇ. ನಂಗೆ ರಾಜಿ ಬೇಡ, ಹಾಲ್‌ನಲ್ಲಿ ಕೂತು ನುಡಿಸೋಳಿಗೆ ಯಾವ ಸ್ಟೇಜು. ಆಂಪ್ ಕಡೆಗೆ ಬೆನ್ನು ಹಾಕಿ, ಎರಡು ಹೆಜ್ಜೆ ಕಿಟಕಿ ಕಡೆ ಸರಿದ್ರೆ ಸುಮ್ನಾಗುತ್ತೆ. ಕೆಲವು ಸಲ ಬೇಕೂಂತ್ಲೇ ಎದುರಿಗೆ ನಿಂತು ಅದು ತಾನೇ ಗುನುಗೋಕೆ ಶುರು ಮಾಡೋ ಜಾಗ ಹುಡುಕ್ತೀನಿ, ಐದನೇ ತಂತಿನ ಎಲ್ಲೂ ಒತ್ತದೆ ಮೀಟಿದ್ರೆ ಹೊಟ್ಟೆಗೆ ಒರಗಿಸ್ಕೊಂಡಿರೋ ಕಡೆಯೆಲ್ಲ ಜುಮ್ ಅನ್ನುತ್ತೆ, ಕಿವಿಗಿಂತ ಮುಂಚೆ ಮೈಗೆ ಕೇಳುತ್ತೆ. ನಿನ್ನ ತೆಳ್ಳಗಿನ ಗಿಟಾರಲ್ಲಿ ಇದು ಎಲ್ಲಿ ಸಿಗುತ್ತೆ ಹೇಳು.

ಒಂದೇ ಒಂದು ತಲೆನೋವು ಅಂದ್ರೆ ಬ್ರಿಡ್ಜು, ಬಾಡಿ ಮೇಲೆ ತಂತಿಗಳನ್ನ ಹೊತ್ಕೊಂಡಿರೋ ಕುದುರೆ. ಇದನ್ನ ಬಾಡಿಗೆ ಸ್ಕ್ರೂ ಹಾಕಿ ಕೂರಿಸಿಲ್ಲ, ತಂತಿ ಒತ್ತಡದಲ್ಲಿ ಸುಮ್ನೆ ನಿಂತಿದೆ, ಎಲ್ಲ ತಂತಿ ಒಟ್ಟಿಗೆ ಬಿಚ್ಚಿದ್ರೆ ಕೈಗೇ ಬಂದ್ಬಿಡುತ್ತೆ. ಅದಕ್ಕೇ ಒಂದೊಂದೇ ತಂತಿ ಬದ್ಲಾಯಿಸ್ಬೇಕು. ಅದು ಕೂದಲೆಳೆಯಷ್ಟು ಜರುಗಿದ್ರೂ ಮೇಲಿನ ಸ್ವರ ಅಪಸ್ವರ. ಹನ್ನೆರಡನೇ ಫ್ರೆಟ್ ಮೇಲೆ ಬೆರಳು ಒತ್ತದೆ ಬರೀ ತಾಗಿಸಿ ಮೀಟಿ ಬರೋ ಹಾರ್ಮೋನಿಕ್ ಸ್ವರ ಕೇಳ್ಬೇಕು, ಆಮೇಲೆ ಅಲ್ಲೇ ಒತ್ತಿ ಹಿಡಿದು ಕೇಳ್ಬೇಕು, ಒತ್ತಿದ ಸ್ವರ ಏರಿದ್ರೆ ಬ್ರಿಡ್ಜ್ ಹಿಂದಕ್ಕೆ, ಇಳಿದ್ರೆ ಕುತ್ತಿಗೆ ಕಡೆಗೆ. ಎರಡೂ ಒಂದಾಗೋವರೆಗೂ ಉಗುರಲ್ಲಿ ಮೆಲ್ಲಗೆ ತಳ್ತಾ ಕೂತ್ಕೋ. ನಿಮ್ಮಜ್ಜಿ ತಂಬೂರಿಗೆ ಜೀವಾಳದ ದಾರ ಸರಿ ಮಾಡ್ತಾ ಕೂರ್ತಿದ್ರಲ್ಲ, ನಿಂಗೆ ನೆನಪಿರಲ್ಲ ಬಿಡು, ನಂಗಂತೂ ಈ ಕೆಲಸ ನುಡಿಸೋದಕ್ಕಿಂತ ಇಷ್ಟ ಆಗ್ಬಿಟ್ಟಿದೆ. ಸರಿಯಾದ ಜಾಗ ಸಿಕ್ಕಿದ್ಮೇಲೆ ಬ್ರಿಡ್ಜ್ ಎರಡೂ ಪಕ್ಕ ಪೇಪರ್ ಟೇಪ್ ಅಂಟ್ಸಿ ಗುರುತು ಇಟ್ಕೊಂಡಿದೀನಿ. ಅಂದ ಕೆಡ್ತು ಅಂತ ನಿಮ್ಮಪ್ಪ.

ದಸರಾಕ್ಕೆ ಬರ್ತೀಯಲ್ಲ, ಬರೋವಾಗ ಒಂದು ಸೆಟ್ ಫ್ಲಾಟ್‌ವೂಂಡ್ ತಂತಿ ತಗೊಂಡ್ ಬಾ, ನಾನು ಕೇಳಿದ ಅಂಗಡೀಲಿ ಸ್ಟಾಕ್ ಇಲ್ವಂತೆ. 12ರ ಗೇಜು, ಗೇಜು ಅಂದ್ರೆ ತಂತಿ ದಪ್ಪದ ಅಳತೆ. ಮೂರನೇ ತಂತಿಗೂ ಸುತ್ತು ಇರ್ಬೇಕು, ಬೋಳು ತಂತಿ ಕೊಟ್ರೆ ಬೇಡ ಅನ್ನು, ಕವರ್ ಮೇಲೆ ಬರೆದಿರುತ್ತೆ, ಅಂಗಡಿಯೋನು ಎರಡೂ ಒಂದೇ ಮೇಡಂ ಅಂದ್ರೆ ನಂಬ್ಬೇಡ. ನಿನ್ನ ಹಳೇ ಗಿಟಾರ್ ಒರೆಸಿ ಕವರ್ ಹಾಕಿ ನಿನ್ನ ರೂಮಲ್ಲೇ ಇಟ್ಟಿದೀನಿ, ವಾಪಸ್ ಹೋಗ್ತಾ ಜೊತೆಗೆ ತಗೊಂಡೋಗು, ರೈಲಲ್ಲಿ ಹಿಡ್ಕೊಳಕ್ಕಾಗಲ್ಲ ಅಂತ ನೆಪ ಹೇಳ್ಬೇಡ.

ನಿನ್ನ
ಅಮ್ಮ