ಒಂದು ಅಂಗಿ ಹೊಲಿಸಿಕೋ

ಚಿತ್ರದುರ್ಗ,
ಭಾನುವಾರ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನೂ ಕ್ಷೇಮ ಅಂತ ನಿಮ್ಮಮ್ಮ ಹೇಳಿದಳು. ಜತೆಗೆ ಇನ್ನೊಂದು ಮಾತೂ ಹೇಳಿದಳು. "ಬ್ಯಾಂಕು, ರೂಮು, ಮತ್ತೆ ಬ್ಯಾಂಕು. ರಜೆ ಬಂದ್ರೆ ಮಧ್ಯಾಹ್ನದ ತನಕ ಮಲಗ್ತಾನೆ. ಊಟನೂ ಮೊಬೈಲಲ್ಲೇ ತರಿಸ್ತಾನೆ ಭಾವ, ನೀವಾದ್ರೂ ಒಂದು ಮಾತು ಹೇಳಿ" ಅಂತ. ಹೋದ ವಾರ ನಾನೇ ಫೋನ್ ಮಾಡಿದಾಗ ನೀನೇನಂದೆ? "ದಾವಣಗೆರೆಯಲ್ಲಿ ಮಾಡೋಕೆ ಏನಿದೆ ದೊಡ್ಡಪ್ಪ? ಬೆಣ್ಣೆದೋಸೆ ತಿಂದಾಯ್ತು, ಗಾಜಿನ ಮನೆ ನೋಡಿದ್ದಾಯ್ತು."

ಆಗ ನಾನು ಸುಮ್ಮನಿದ್ದೆ. ಫೋನಿನಲ್ಲಿ ನಾನು ಶುರು ಮಾಡಿದರೆ ನೀನು ಹ್ಞೂಂ, ಹ್ಞೂಂ ಅಂದುಕೊಂಡು ಇನ್ನೇನೋ ನೋಡುತ್ತಿರುತ್ತೀಯ. ಕಾಗದಕ್ಕೆ ಹ್ಞೂಂ ಅನ್ನೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಆಯಸ್ಸಿನ ಮುಕ್ಕಾಲು ಪಾಲು ಅದೇ ದಾವಣಗೆರೆಯ ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲೇ ಹೋಯಿತು. ಗಿರಾಕಿ ಬಂದು ಗಾದಿಯ ಮೇಲೆ ಕೂತ ಕೂಡಲೇ ಮೊದಲ ಮಾತು, "ಏನಾದ್ರೂ ಹೊಸದು ತೋರಿಸಿ." ನಾವು ಥಾನಿನ ಮೇಲೆ ಥಾನು ಬಿಚ್ಚಿ ಹಾಸುತ್ತಿದ್ದೆವು. ಎಲ್ಲವನ್ನೂ ಮುಟ್ಟಿ ನೋಡಿ ಕೊನೆಗೆ ಒಯ್ಯುತ್ತಿದ್ದದ್ದು ಮೈಮೇಲಿನ ಬಣ್ಣವನ್ನೇ. ತಿಳಿನೀಲಿ ಹಾಕಿಕೊಂಡು ಬಂದವನಿಗೆ ಮತ್ತೆ ತಿಳಿನೀಲಿ. ಆ ಬಣ್ಣ ಅಷ್ಟು ಇಷ್ಟ ಅಂತೇನಲ್ಲ. ಬೇರೆ ಹಾಕಿದರೆ ಯಾರಾದರೂ ಏನಾದರೂ ಅಂದಾರು ಅನ್ನೋ ಅಳುಕು.

ಇನ್ನು ನಿನ್ನ ವಯಸ್ಸಿನ ಹುಡುಗರು. ಬಾಗಿಲ ತನಕ ಬರೋರು, ಒಳಗೆ ಇಣುಕೋರು, ಹಾಗೇ ಮುಂದಿನ ರೆಡಿಮೇಡ್ ಅಂಗಡಿಗೆ ಹೋಗಿಬಿಡೋರು. ದುಡ್ಡಿಲ್ಲದೆ ಅಲ್ಲ. ಒಂದು ಅಂಗಿಗೆ ಎಷ್ಟು ಮೀಟರ್ ಬೇಕು ಅಂತ ಗೊತ್ತಿಲ್ಲ, ಕೇಳೋಕೆ ನಾಚಿಕೆ. ಇದನ್ನು ನೋಡಿ ನೋಡಿ ನನಗೆ ಒಂದು ವಿಷಯ ಖಾತ್ರಿಯಾಯಿತು. ಜನ ಹೊಸದಕ್ಕೆ ಕೈ ಹಾಕದಿರೋಕೆ ಟೈಮಿಲ್ಲ ಅಂತಾರೆ, ಕಾಸಿಲ್ಲ ಅಂತಾರೆ. ಬಹಳ ಸಲ ಅದೆರಡೂ ಅಲ್ಲ. "ನನಗೆ ಗೊತ್ತಿಲ್ಲ, ಸ್ವಲ್ಪ ಹೇಳಿಕೊಡಿ" ಅಂತ ಪರಿಚಯ ಇಲ್ಲದವರ ಮುಂದೆ ಬಾಯಿ ಬಿಡಬೇಕಲ್ಲ, ಅದು ಕಷ್ಟ.

ನಿನಗಂತೂ ಇನ್ನೂ ಕಷ್ಟ. ಸ್ಕೂಲಲ್ಲಿ ಮುಂದೆ, ಕಾಲೇಜಲ್ಲಿ ಮುಂದೆ, ಬ್ಯಾಂಕ್ ಪರೀಕ್ಷೆ ಪಾಸು. ಈಗ ಕೌಂಟರಿನಲ್ಲಿ ಕೂತರೆ ನನ್ನ ವಯಸ್ಸಿನವರೂ ನಿನಗೆ ಸಾರ್ ಅಂತಾರೆ. ಬೆಳಗಿಂದ ಸಂಜೆ ತನಕ ಸಾರ್ ಅನ್ನಿಸಿಕೊಂಡವನಿಗೆ ಯಾರೂ ಏನೂ ಕಲಿಸೋಕೆ ಬರಲ್ಲ ಮಗಾ. ನೀನೇ ಹೋಗಿ ಕೇಳಬೇಕು. ದೇಶ ಸುತ್ತು ಕೋಶ ಓದು ಅಂತ ದೊಡ್ಡವರು ಹೇಳಿದ್ದಾರೆ, ಸರಿ. ದೇಶ ಸುತ್ತೋಕೆ ಬ್ಯಾಂಕಿನವರು ರಜೆ ಕೊಡಬೇಕಲ್ವಾ? ನಿನಗಿರೋದು ಭಾನುವಾರ, ಎರಡನೇ ಶನಿವಾರ, ನಾಲ್ಕನೇ ಶನಿವಾರ. ಅದರೊಳಗೆ ಆಗುವಂಥ ಸಣ್ಣ ಕೆಲಸಗಳನ್ನೇ ಹೇಳುತ್ತೇನೆ.

ಮೊದಲನೆಯದು, ಒಂದು ಅಂಗಿ ಹೊಲಿಸಿಕೋ. ನಗಬೇಡ. ನಿನ್ನ ಮೈಯ ಅಳತೆ ತೆಗೆಸಿ ಒಂದೇ ಒಂದು ಅಂಗಿ ಹೊಲಿಸಿದ್ದೀಯಾ, ಸ್ಕೂಲ್ ಯೂನಿಫಾರಂ ಬಿಟ್ಟು? ಚೌಕಿಪೇಟೆಗೋ ಮಂಡಿಪೇಟೆಗೋ ಹೋಗು. ಒಳಗೆ ಹೋಗಿ ಕೂತು, "ಅಂಗಿಗೆ ಹತ್ತಿ ಬಟ್ಟೆ ಬೇಕು, ಎಷ್ಟು ಬೇಕಾಗುತ್ತೆ ನೀವೇ ಹೇಳಿ" ಅನ್ನು. ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟು ಅನ್ನೋದರ ಮೇಲೆ ಲೆಕ್ಕ. 36 ಇಂಚಿನ ಪನ್ನ ಆದರೆ ತುಂಬು ತೋಳಿಗೆ ಎರಡೂಕಾಲು ಎರಡೂವರೆ ಮೀಟರ್ ಬೇಕು. 58 ಇಂಚಿನದಾದರೆ ಸುಮಾರು 1.6 ಮೀಟರ್ ಸಾಕು. ನಾನು ಹೇಳಿಕೊಟ್ಟೆ ಅಂತ ಅಲ್ಲಿ ಹೋಗಿ ಜಾಣತನ ತೋರಿಸಬೇಡ. ಕೇಳು.

ಬಟ್ಟೆಯ ಮೂಲೆ ಹಿಡಿದು ಎರಡೂ ಕೈಯಲ್ಲಿ ಚೆನ್ನಾಗಿ ಉಜ್ಜು. ಬಿಳಿ ಪುಡಿ ಉದುರಿತು ಅಂದರೆ ಗಂಜಿ ಜಾಸ್ತಿ, ಒಗೆದ ಮೇಲೆ ಅದು ಪೊಳ್ಳಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿ ಬಿಡು. ಸುಕ್ಕು ಹಾಗೇ ನಿಂತರೆ ಹತ್ತಿ, ತಾನೇ ಬಿಚ್ಚಿಕೊಂಡರೆ ಪಾಲಿಸ್ಟರ್ ಸೇರಿದೆ. ಆಮೇಲೂ ಅನುಮಾನ ಇದ್ದರೆ ಅಂಚಿನಿಂದ ಎರಡು ಎಳೆ ಕೇಳಿ ತಗೊಂಡು ಹೊರಗೆ ಬಂದು ಕಡ್ಡಿ ಗೀರು. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಗುಂಡು ಕಟ್ಟುತ್ತದೆ. ಒಳ್ಳೆ ಅಂಗಡಿಯವನು ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ. ನಮ್ಮಲ್ಲಿ ಹಾಗೆ ಪರೀಕ್ಷೆ ಮಾಡಿದ ಗಿರಾಕಿಗೆ ನಾವು ಟೀ ತರಿಸುತ್ತಿದ್ದೆವು.

ತಂದ ಬಟ್ಟೆಯನ್ನು ನೇರವಾಗಿ ಟೈಲರ್ ಹತ್ತಿರ ಒಯ್ಯಬೇಡ. ಒಂದು ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಆಮೇಲೆ ಕೊಡು. ಹತ್ತಿ ನೀರು ಕಂಡರೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ತೋಳು ಮಣಿಕಟ್ಟಿನ ಮೇಲೆ ನಿಲ್ಲುತ್ತದೆ. ಟೈಲರ್ ಟೇಪು ಹಿಡಿದಾಗ ಉಸಿರು ಬಿಗಿಹಿಡಿದು ಎದೆ ಉಬ್ಬಿಸಬೇಡ, ಹುಡುಗರೆಲ್ಲ ಅದನ್ನೇ ಮಾಡೋದು. ಕತ್ತಿನ ಅಳತೆಗೆ ಅವನು ತನ್ನ ಬೆರಳನ್ನೂ ಒಳಗಿಟ್ಟು ಟೇಪು ಸುತ್ತುತ್ತಾನೆ. ಯಾಕೆ ಅಂತ ಕೇಳು. ಎರಡೂ ಭುಜ ಒಂದೇ ಸಮ ಇರೋರು ಕಮ್ಮಿ. ನಿನ್ನದು ಯಾವ ಕಡೆ ಇಳಿದಿದೆ ಅಂತ ಅವನಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಇಷ್ಟು ವರ್ಷ ಆ ಭುಜ ಹೊತ್ತು ತಿರುಗುವ ನಿನಗೆ ಗೊತ್ತಿಲ್ಲ, ನೋಡು!

ಬಟ್ಟೆ ವಿಷಯ ಬಂದರೆ ನಾನು ನಿಲ್ಲಿಸಲ್ಲ, ನಿಮ್ಮ ದೊಡ್ಡಮ್ಮ ಹೇಳುತ್ತಲೇ ಇರುತ್ತಾಳೆ. ಆದರೂ ಇಷ್ಟು ತಿಳಿದಿರಲಿ. ನೀನು ಸಂಬಳ ತಗೊಳ್ಳುವ ಊರಿಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಈಗ ಅದು ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳ ಊರು. ನಿನ್ನ ಕೌಂಟರಿಗೆ ಪೆನ್ಶನ್ ಕೇಳಿಕೊಂಡು ಬರುವ ಮುದುಕರಲ್ಲಿ ಗಿರಣಿಯಲ್ಲಿ ದುಡಿದವರೂ ಇರಬಹುದು. ಕ್ಯೂ ಇಲ್ಲದ ಹೊತ್ತಿನಲ್ಲಿ ಯಾವ ಮಿಲ್ಲು, ಯಾವ ಶಿಫ್ಟು ಅಂತ ಒಂದು ಮಾತು ಕೇಳಿ ನೋಡು. ಇದಕ್ಕೆ ರಜೆಯೂ ಬೇಡ.

ಇನ್ನೊಂದು, ಮಂಡಕ್ಕಿ ಭಟ್ಟಿ. ಸಂಜೆ ಮಿರ್ಚಿ ಜತೆ ಮಂಡಕ್ಕಿ ತಿನ್ನುತ್ತೀಯ. ಬೆಣ್ಣೆದೋಸೆ ತಿಂದಾಯ್ತು ಅಂದೆಯಲ್ಲ, ಆ ದೋಸೆಯ ಹಿಟ್ಟಿಗೂ ಅಕ್ಕಿ, ಉದ್ದಿನ ಜತೆ ಮಂಡಕ್ಕಿ ಸೇರುತ್ತದೆ. ಅದು ಎಲ್ಲಿ ಅರಳುತ್ತದೆ ಅಂತ ನೋಡಿದ್ದೀಯಾ? ದಾವಣಗೆರೆಯಲ್ಲಿ ಅದಕ್ಕೇ ಅಂತ ಭಟ್ಟಿಗಳ ಬಡಾವಣೆಯೇ ಇದೆ. ಭತ್ತ ನೆನೆಸಿ, ಹದವಾಗಿ ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಅದಕ್ಕೆ ಉಪ್ಪುನೀರು ಹಾಕಿ, ಕಾದ ಮರಳಿಗೆ ಸುರಿಯುತ್ತಾರೆ. ಎಲ್ಲ ತಯಾರಿ ಗಂಟೆಗಟ್ಟಲೆ, ಅರಳೋದು ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಮರಳು ಎಷ್ಟು ಕಾಯಬೇಕು ಅನ್ನೋಕೆ ಅಲ್ಲಿ ಮೀಟರ್ ಇಲ್ಲ. ಅವರಿಗೆ ಹೇಗೆ ಗೊತ್ತಾಗುತ್ತೆ, ಕೇಳು. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೆಳಿಗ್ಗೆ ಬೇಗ ಹೋಗು. ಹೊಗೆ, ಧಗೆ ಎರಡೂ ಇರುತ್ತದೆ, ಕೆಲಸ ಮಾಡುವವರಿಗೆ ಅದು ದಿನದ ಪಾಡು, ತಮಾಷೆ ಅಲ್ಲ. ಅಡ್ಡ ನಿಲ್ಲಬೇಡ, ಕೇಳದೆ ಫೋಟೋ ತೆಗೆಯಬೇಡ, ಬರುವಾಗ ಒಂದು ಸೇರಾದರೂ ಕೊಂಡುಕೋ.

ಫೋಟೋ ಅಂದಾಗ ನೆನಪಾಯಿತು. ಮಾಡಿದ್ದನ್ನೆಲ್ಲ ಸ್ಟೇಟಸ್‌ಗೆ ಹಾಕಬೇಡ. ಹಾಕಿದ ಕೂಡಲೇ ನಿನ್ನ ಗಮನ ಎಷ್ಟು ಜನ ನೋಡಿದರು ಅನ್ನೋದರ ಕಡೆ ಹೋಗುತ್ತದೆ. ಹಾಗೇ ವಾರಕ್ಕೊಂದು ಹೊಸದು ಅಂತ ಪಟ್ಟಿ ಬರೆದು ಟಿಕ್ ಹಾಕೋದೂ ಬೇಡ. ಬ್ಯಾಂಕಿನವರು ಕೊಟ್ಟಿರೋ ಟಾರ್ಗೆಟ್ ಸಾಲದಾ?

ಊಟದ ವಿಷಯ ಜಾಸ್ತಿ ಹೇಳಲ್ಲ. ದೋಸೆ ಹೋಟೆಲಿಗೆ ಹೋದಾಗ ಒಂದು ಸಲ ಬೆಣ್ಣೆದೋಸೆ ಬಿಟ್ಟು ಖಾಲಿದೋಸೆ ಹೇಳು. ಒಂದು ದಿನ ಮೊಬೈಲ್ ಬದಿಗಿಟ್ಟು ಖಾನಾವಳಿಗೆ ಹೋಗು. ನಮ್ಮ ಮನೆಯಲ್ಲಿ ಮುದ್ದೆ. ದಾವಣಗೆರೆಯಲ್ಲಿ ಮುದ್ದೆಯೂ ಉಂಟು, ಜೋಳದ ರೊಟ್ಟಿಯೂ ಉಂಟು, ಉತ್ತರಕ್ಕೆ ಹೋದಷ್ಟೂ ರೊಟ್ಟಿಯದೇ ರಾಜ್ಯ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೇಲೆ ಮೊಸರು. ಜಾಗ ಇಲ್ಲ ಅಂದರೆ ಗೊತ್ತಿಲ್ಲದವರ ಎದುರು ಕೂರಿಸುತ್ತಾರೆ. ತಲೆ ತಗ್ಗಿಸಿಕೊಂಡು ತಿಂದು ಎದ್ದು ಬರಬೇಡ, ಎದುರಿಗಿದ್ದವರನ್ನು ಮಾತಾಡಿಸು.

ಹರಿಹರಕ್ಕೆ ಒಬ್ಬನೇ ಹೋಗಿ ಬಾ. ಸುಮಾರು 14 ಕಿ.ಮೀ., ಬಸ್ಸು ಸಿಗುತ್ತಲೇ ಇರುತ್ತದೆ. ಹರಿಹರೇಶ್ವರನ ಗುಡಿ 1224ರಲ್ಲಿ ಆದದ್ದು, ಹೊಯ್ಸಳರ ಎರಡನೇ ನರಸಿಂಹನ ಮಂತ್ರಿ ಪೋಲಾಳ್ವ ಕಟ್ಟಿಸಿದ್ದು. ಒಂದೇ ಮೂರ್ತಿ, ಅರ್ಧ ಹರ, ಅರ್ಧ ಹರಿ. ಎಲ್ಲರೂ ಕೈಮುಗಿದು ಹೊರಟುಬಿಡುತ್ತಾರೆ. ನೀನು ಅಲ್ಲಿರುವ ಶಾಸನದ ಕಲ್ಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲು. ಹಳೇ ಕನ್ನಡದ ಅಕ್ಷರ. ಒಂದೆರಡಾದರೂ ಗುರುತು ಸಿಕ್ಕಿದರೆ ಆ ಖುಷಿಯೇ ಬೇರೆ. ಆಮೇಲೆ ತುಂಗಭದ್ರೆಯ ದಡಕ್ಕೆ ಹೋಗು. ಗೆಳೆಯರ ಗುಂಪಿನಲ್ಲಿ ಹೋದರೆ ಅವರ ಮಾತೇ ಕೇಳಿಕೊಂಡು ವಾಪಸ್ ಬರುತ್ತೀಯ, ಅದಕ್ಕೇ ಒಬ್ಬನೇ ಅಂದದ್ದು.

ನಾಟಕಕ್ಕೂ ಹೋಗು. ಕಂಪನಿ ನಾಟಕ ಮುದುಕರಿಗೆ ಅಂತ ನೀನು ಅಂದುಕೊಂಡಿರಬಹುದು. ಚಿಂದೋಡಿ ಲೀಲಾ ಅಂಥವರನ್ನು ಕೊಟ್ಟ ಊರಿನಲ್ಲಿದ್ದೀಯ. ಕಂಪನಿ ಕ್ಯಾಂಪ್ ಹಾಕಿದ್ದು ಕಂಡರೆ ಒಂದು ಟಿಕೆಟ್ ತಗೋ. ನವೆಂಬರ್‌ನಲ್ಲಿ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ನಾಟಕೋತ್ಸವ ನಡೆಯುತ್ತದೆ, ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು ನೋಡಬೇಕು. ಇಷ್ಟವಾಗದಿದ್ದರೆ? ಬಿಡು, ಮತ್ತೆ ಹೋಗಬೇಡ. ನನಗೆ ನಾಟಕ ಹಿಡಿಸಲ್ಲ ಅಂತ ನೋಡಿ ಹೇಳೋದಕ್ಕೂ ನೋಡದೆ ಹೇಳೋದಕ್ಕೂ ವ್ಯತ್ಯಾಸ ಇದೆ. ಸಣ್ಣದನ್ನೇ ಹಿಡಿ ಅಂತ ನಾನು ಹೇಳುವುದೂ ಅದಕ್ಕೇ. ಸಾವಿರಾರು ರೂಪಾಯಿ ಕೊಟ್ಟು ಗಿಟಾರ್ ತಂದವನು ಹಿಡಿಸದಿದ್ದರೂ ಹಿಡಿಸಿತು ಅನ್ನಬೇಕಾಗುತ್ತದೆ.

ಹೊಸದು ಅಂತ ಕಂಡದ್ದಕ್ಕೆಲ್ಲ ಕೈ ಹಾಕು ಅಂತಲೂ ನಾನು ಹೇಳುತ್ತಿಲ್ಲ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟ, ಯಾರೋ ಗೆಳೆಯ ಹೇಳಿದ ಷೇರು, "ಒಂದೇ ಪೆಗ್ ಕಣೋ" ಅನ್ನುವ ಕೂಟ, ಇವೂ ಹೊಸ ಅನುಭವವೇ. ಇವನ್ನು ಗುರುತು ಹಿಡಿಯೋದು ಹೀಗೆ. ಶುರು ಮಾಡೋದು ಬಲು ಸುಲಭ, ಯಾರನ್ನೂ ಏನೂ ಕೇಳಬೇಕಾಗಿಲ್ಲ. ಬಿಡೋದು ಕಷ್ಟ. ನಾನು ಹೇಳಿದ ಕೆಲಸಗಳು ಇದಕ್ಕೆ ಉಲ್ಟಾ. ಅಂಗಡಿಯ ಹೊಸ್ತಿಲು ದಾಟುವುದೊಂದೇ ಕಷ್ಟ, ಬೇಡ ಅನ್ನಿಸಿದರೆ ಎದ್ದು ಬರುವುದು ಸುಲಭ. ಬ್ಯಾಂಕಿನವನಿಗೆ ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ರಜೆಗೆ ಇಲ್ಲಿಗೆ ಬರುತ್ತೀಯಲ್ಲ, ಬಸ್ಸು ಬಿಟ್ಟು ರೈಲಿನಲ್ಲಿ ಬಾ. ದಾವಣಗೆರೆಯಿಂದ ದುರ್ಗಕ್ಕೆ ನೇರ ಲೈನಿನ ಕೆಲಸ ನಡೆಯುತ್ತಲೇ ಇದೆ. ಅದು ಮುಗಿಯುವ ತನಕ ಚಿಕ್ಕಜಾಜೂರಿನ ಮೇಲೇ ಸುತ್ತಿಕೊಂಡು ಬರಬೇಕು. ಬಸ್ಸಿಗಿಂತ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಜಂಕ್ಷನ್ನಿನಲ್ಲಿ ಟೀ ಕುಡಿದುಕೊಂಡು ಕೂರು.

ಇಲ್ಲಿ ಕೋಟೆ ಹತ್ತೋಣ ಅನ್ನಬೇಡ. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ ನೀನು ಸ್ಕೂಲ್ ಟ್ರಿಪ್ಪಿನಲ್ಲೇ ನೋಡಿದ್ದೀಯ, ನನ್ನ ಮಂಡಿಗೂ ಅದು ಆಗಲ್ಲ. ಚಂದ್ರವಳ್ಳಿಗೆ ಹೋಗೋಣ. ಮಯೂರಶರ್ಮನ ಶಾಸನ ಅಲ್ಲಿ ಬಂಡೆಯ ಮೇಲಿದೆ. 1929ರಲ್ಲಿ ಎಂ.ಎಚ್. ಕೃಷ್ಣ ಅವರು ಪತ್ತೆ ಮಾಡಿದ್ದು. ಕೆರೆಯ ವಿಷಯ, ಪ್ರಾಕೃತ ಭಾಷೆ, ಆ ಲಿಪಿ ನನಗೂ ಬರಲ್ಲ. ಅಂಕಲಿ ಮಠದ ಗವಿಯೊಳಗೆ ಕತ್ತಲು, ಟಾರ್ಚ್ ಹಿಡಿದ ಗೈಡ್ ಜತೆಗೇ ಇಳಿಯಬೇಕು. ಅವನನ್ನು ಕೇಳಬೇಕಾದ ಪ್ರಶ್ನೆಗಳು ನನ್ನ ಹತ್ತಿರವೇ ಬೇಕಾದಷ್ಟಿವೆ.

ರೈಲಿನ ಟೈಮು ಆಗಾಗ ಬದಲಾಗುತ್ತದೆ. ಮೊಬೈಲ್ ನೋಡಬೇಡ, ಹಿಂದಿನ ದಿನ ಸ್ಟೇಷನ್ನಿಗೆ ಹೋಗಿ ವಿಚಾರಣೆ ಕಿಟಕಿಯಲ್ಲೇ ಕೇಳು. ಗಾಡಿ ತಪ್ಪಿದರೆ ದೊಡ್ಡಮ್ಮನಿಗೆ ಒಂದು ಫೋನ್ ಮಾಡಿಬಿಡು, ಅವಳು ಮುದ್ದೆಗೆ ಎಸರು ಇಡುವುದು ನೀನು ಆಟೋ ಹತ್ತಿದೆ ಅಂದ ಮೇಲೆಯೇ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ