ಫ್ರೇಮ್ ಅಂಗಡಿಯ ಆ ಕೆಲಸಗಾರರಿಗೆ

ಹಳ್ಳಿಮನೆ, ಬಣವೆ, ನೊಗ ಇಳಿಸಿದ ಗಾಡಿ ಇರುವ ನಮ್ಮ ಶಾಯಿ ಚಿತ್ರವೊಂದು ತೇವಕ್ಕೆ ಉಬ್ಬಿ ಗಾಜಿಗೆ ತಾಗಿತ್ತು. ಬಾಗಿಲು ಹಾಕುವ ಹೊತ್ತಾದರೂ ನೀವು ದೀಪ ಹಚ್ಚಿ ಕೂತಿರಿ.

ಕಾಗದ ಎಳೆಯಲಿಲ್ಲ. ಅಂಚಿನ ಚಿಕ್ಕ ಗೆರೆಯೊಂದಕ್ಕೆ ಒದ್ದೆ ಹತ್ತಿ ಮುಟ್ಟಿಸಿ ಶಾಯಿ ಬಿಡುತ್ತದೋ ನೋಡಿದಿರಿ. ಬಣ್ಣ ನೀರಲ್ಲಿ ಕರಗಿರುವ ಡೈ ಶಾಯಿಯಾದರೆ ಹರಡುತ್ತದೆ, ಕರಗದ ಬಣ್ಣದ ಕಣಗಳ ಪಿಗ್ಮೆಂಟ್ ಶಾಯಿ ಒಣಗಿದ ಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ. ಎರಡೂ ಬದಿಗೆ ತೇವ ಹೀರುವ ಬ್ಲಾಟಿಂಗ್ ಕಾಗದವಿಟ್ಟು, ಮೇಲೆ ಸಮತಟ್ಟಾದ ಭಾರ ಹೇರಿ, ಒದ್ದೆಯಾದಂತೆಲ್ಲ ಬದಲಿಸಿದಿರಿ. ಕಂದು ಕಲೆ ಬಿಡುವ ಹಳೇ ರಟ್ಟು ತೆಗೆದು ಆಮ್ಲರಹಿತ ರಟ್ಟು ಹಾಕಿದಿರಿ. ಮೇಲಂಚಿಗೆ ಮಾತ್ರ ಎರಡು ಕಾಗದದ ಪಟ್ಟಿ, ಅದೂ ಗಂಜಿಯ ಅಂಟಿನಲ್ಲಿ. ನಾಲ್ಕೂ ಕಡೆ ಅಂಟಿಸಿದರೆ ಕಾಗದಕ್ಕೆ ಹಿಗ್ಗಲು ಜಾಗವಿಲ್ಲದೆ ಮತ್ತೆ ಸುಕ್ಕಾಗುತ್ತದಂತೆ. ಗಾಜು ತಾಗದಂತೆ ಚಿತ್ರದ ಸುತ್ತ ಮೌಂಟ್ (ರಟ್ಟಿನ ಅಂಚುಪಟ್ಟಿ) ಇಟ್ಟಿರಿ.

ಒಂದು ಗೆರೆಯೂ ಕದಡಿಲ್ಲ. ಜೀವ ಬಂದಂತಾಯಿತು, ತುಂಬಾ ಧನ್ಯವಾದ. ಈಗ ಗಾಜು ಒರೆಸುವ ದ್ರವವನ್ನು ಗಾಜಿಗಲ್ಲ, ಬಟ್ಟೆಗೆ ಸಿಂಪಡಿಸಿಯೇ ಒರೆಸುತ್ತಿದ್ದೇವೆ.