ಟ್ರಂಕಿನ ಋಣ

ಹೋದ ಗುರುವಾರ ಎಕ್ಸ್‌ರೇಗೆ ನಿಂತೆ. ಪಾದದ ಕೀಲು ಬದಲಿಸಿಕೊಂಡವರು ನಿಂತೇ ತೆಗೆಸಬೇಕು, ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಬಿಟ್ಟು. ಹೋದ ವರ್ಷ ಅದೇ ಜಾಗದಲ್ಲಿ ನನ್ನನ್ನು ಇಬ್ಬರು ಹಿಡಿದುಕೊಂಡಿದ್ದರು. ಈ ಸಲ ಯಾರೂ ಹಿಡಿಯಲಿಲ್ಲ. ಡಾಕ್ಟರು ಫಿಲ್ಮ್ ನೋಡಿ, "ಕಪ್ಪು ಗೆರೆ ಇಲ್ಲ, ಇನ್ನು ಮುಂದಿನ ವರ್ಷ ಬನ್ನಿ" ಅಂದರು. ಅದಕ್ಕೇ ಈ ಬರಹ.

ಎರಡನೇ ಆಪರೇಷನ್ ಕಥೆ ನಿಮಗೆಲ್ಲ ಗೊತ್ತು. ವಿಚಾರಿಸಿದವರಿಗೆಲ್ಲ ಹೇಳಿ ಹೇಳಿ ನಮ್ಮ ಯಜಮಾನರಿಗೆ ಅದು ಬಾಯಿಪಾಠವೇ ಆಗಿದೆ. ನನ್ನ ಪಿರಿಯಡ್‌ಗಳನ್ನು ಹಂಚಿಕೊಂಡ ಮೇಷ್ಟ್ರುಗಳು, ರಜೆ ಅರ್ಜಿಗೆ ಮರುಮಾತಿಲ್ಲದೆ ಸಹಿ ಹಾಕಿದ ಹೆಡ್‌ಮಿಸ್, ಇನ್ಶೂರೆನ್ಸ್ ಕಾಗದಕ್ಕೆ ಓಡಾಡಿದ ಅಕ್ಕನ ಮಗ, ಲೋಹದ ಅಡ್ಡಗೆರೆ ಬಂದು ಚಿತ್ರ ಕೆಡುತ್ತೆ ಅಂತ ತಾಳ್ಮೆಯಿಂದ ಎರಡು ಸಲ ತೆಗೆದ ಸಿಟಿ ಸ್ಕ್ಯಾನ್ ರೂಮಿನ ಹುಡುಗ, ನಿಮಗೆಲ್ಲ ಕೈ ಮುಗಿಯುತ್ತೇನೆ.

ಇನ್ನು ನನ್ನ ವಾರಗಿತ್ತಿ. ಬರೀಲಾ ಅಂತ ಕೇಳಿದ್ದಕ್ಕೆ "ಟ್ರಂಕಿನ ವಿಷಯ ಬಿಟ್ಟು ಏನು ಬೇಕಾದ್ರೂ ಬರೀರಿ" ಅಂದಳು. ಅದನ್ನು ಬಿಟ್ಟರೆ ಉಳಿಯೋದೇನು?

2017ರಲ್ಲಿ ಕೀಲು ಹಾಕಿಸಿದಾಗಿನ ಎಕ್ಸ್‌ರೇಗಳನ್ನು ಅತ್ತೆ ತಮ್ಮ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದರು. ಅತ್ತೆ ಹೋದ ಮೇಲೆ ಆ ಟ್ರಂಕಿಗಾಗಿ ನಾವಿಬ್ಬರೂ ಕಿತ್ತಾಡಿದೆವು. ಅದು ಅವಳ ಪಾಲಾಯಿತು. ಆಮೇಲೆ ನಾಲ್ಕು ವರ್ಷ, ಮದುವೆ ಮುಂಜಿಯಲ್ಲಿ ಎದುರಾದರೂ "ಊಟ ಆಯ್ತಾ"ಗಿಂತ ಜಾಸ್ತಿ ಮಾತಿಲ್ಲ.

ನೋವು ಶುರುವಾದಾಗ ಮೊದಲು ತೋರಿಸಿದ ಕಡೆ "ಎಕ್ಸ್‌ರೇ ಚೆನ್ನಾಗಿದೆ, ತೂಕ ಇಳಿಸಿ" ಅಂದು ಕಳಿಸಿದರು. ಆರು ತಿಂಗಳು ಅದನ್ನೇ ನಂಬಿದೆ. ಬೆಂಗಳೂರಿನ ಡಾಕ್ಟರು ಮಾತ್ರ ಹಳೇ ಫಿಲ್ಮ್ ಕೇಳಿದರು. ಯಾರು ಹೇಳಿದರೋ, ಮಾರನೇ ದಿನ ಬೆಳಗಿನ ರೈಲಿಗೆ ನಮ್ಮೂರು ತಿಪಟೂರಿನಿಂದ ಇವಳು ಬಂದಳು. ಕೈಯಲ್ಲಿ ನುಸಿಗುಳಿಗೆ ವಾಸನೆಯ ಹಳದಿ ಕವರು.

ಹಳೇದು, ಹೊಸದು ಎರಡನ್ನೂ ಡಾಕ್ಟರು ಲೈಟಿಗೆ ಹಚ್ಚಿದರು. ಹಳೇದರಲ್ಲಿ ಲೋಹ ಮೂಳೆಗೆ ಅಂಟಿಕೊಂಡು ಕೂತಿತ್ತು. ಹೊಸದರಲ್ಲಿ ನಡುವೆ ನೂಲಿನಷ್ಟು ಕಪ್ಪು ಗೆರೆ. ಎರಡು ಲೋಹದ ನಡುವಿನ ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಬರೀ ಖಾಲಿ ಜಾಗ. ಆ ಜಾಗ ಒಂದು ಪಕ್ಕಕ್ಕೆ ಕಿರಿದಾಗಿತ್ತು. ಒಂದನ್ನೇ ನೋಡಿದ್ದರೆ ನನಗಂತೂ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಸಿಟಿ ಸ್ಕ್ಯಾನ್‌ನಲ್ಲಿ ಮೂಳೆಯೊಳಗಿನ ಪೊಳ್ಳುಗಳು ಕಂಡವು, ಎಕ್ಸ್‌ರೇ ತೋರಿಸಿದ್ದಕ್ಕಿಂತ ಎಷ್ಟೋ ದೊಡ್ಡವು. ಪ್ಲಾಸ್ಟಿಕ್ ಸವೆದು ಪುಡಿಯಾಗುತ್ತದೆ, ಆ ಪುಡಿಯ ಮೇಲೆ ರೇಗಿದ ಮೈ ಪಕ್ಕದ ಮೂಳೆಯನ್ನೇ ಕರಗಿಸುತ್ತದಂತೆ. "ನಮ್ಮ ಹಳೇ ಮನೆ ತೊಲೆ ಥರ" ಅಂದಳು ಇವಳು. "ಮೇಲೆ ಬಣ್ಣ, ಒಳಗೆ ಗೆದ್ದಲು." ಡಾಕ್ಟರು ನಕ್ಕುಬಿಟ್ಟರು.

ಅಂದು ರಾತ್ರಿ ಯಾರೂ ನಗಲಿಲ್ಲ. ಸೋಂಕು ಇದೆಯಾ ನೋಡಲು ಕೀಲಿನಿಂದ ನೀರು ತೆಗೆದು ಕಲ್ಚರ್‌ಗೆ ಕಳಿಸಿದ್ದರು. ಸೋಂಕಿದ್ದರೆ ಹಾಕಿದ್ದನ್ನೆಲ್ಲ ಕಿತ್ತು ತೆಗೆಯಬೇಕಾಗಬಹುದು ಅಂದಿದ್ದರು. ಹತ್ತು ಗಂಟೆಗೆ ಚಳಿಜ್ವರ ಬಂತು. ಆಯಿತು, ಸೋಂಕೇ ಅಂದುಕೊಂಡೆ. ಮೂರು ಗಂಟೆ ಹೊತ್ತಿಗೆ "ಕಾಲು ಕತ್ತರಿಸಿಬಿಡಲಿ, ಸಾಕು ನನಗೆ" ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಅತ್ತುಬಿಟ್ಟೆ. ಐವತ್ತೆರಡು ವರ್ಷದ ಟೀಚರ್ರು. ಇದನ್ನು ಇವತ್ತಿನವರೆಗೆ ನಮ್ಮವರಿಗೂ ಹೇಳಿಲ್ಲ.

ಅವಳು ಸಮಾಧಾನ ಮಾಡಲಿಲ್ಲ. ಹಿಮ್ಮಡಿ ಕೆಳಗಿನ ದಿಂಬು ಜಾರುತ್ತಿತ್ತು. ದಿಂಬನ್ನು ತನ್ನ ತೊಡೆ ಮೇಲೆ ಇಟ್ಟುಕೊಂಡು, ನನ್ನ ಕಾಲನ್ನು ಅದರ ಮೇಲಿಟ್ಟು, ಮಂಚದ ತುದಿಯಲ್ಲಿ ಕೂತಳು. "ಸುಮ್ನಿರಿ ಅಕ್ಕ. ಕಾಲು ಕತ್ತರಿಸಿದ್ರೆ ನನ್ನ ಹತ್ರ ಜಗಳಕ್ಕೆ ಹೆಂಗೆ ಎದ್ದು ಬರ್ತೀರಿ?" ಆಮೇಲೆ ಕೊಬ್ಬರಿ ರೇಟು, ಮಗಳ ಪಿಯುಸಿ, ಸೋರುವ ನಲ್ಲಿ, ಬಾಯಿಗೆ ಬಂದದ್ದೆಲ್ಲ ಮಾತಾಡಿದಳು. ಬೆಳಿಗ್ಗೆ ಕಾಫಿ ಮಾರುವವನು ಬಂದಾಗ ಏಳಲು ಹೋಗಿ ಹಾಗೇ ಕೂತುಬಿಟ್ಟಳು. ಅವಳ ಕಾಲೇ ಮರಗಟ್ಟಿತ್ತು.

ಜ್ವರ ಮೂತ್ರದ ಸೋಂಕಿನದಂತೆ. ಕೀಲಿನ ರಿಪೋರ್ಟು ಕೆಲವು ದಿನ ಬಿಟ್ಟು ಬಂತು, ಏನೂ ಇರಲಿಲ್ಲ. ಎರಡನೇ ಆಪರೇಷನ್‌ನಲ್ಲಿ ಸೊಂಟದಿಂದ ಒಂದಿಷ್ಟು ಮೂಳೆ ತೆಗೆದು ಪೊಳ್ಳು ತುಂಬಿ, ಪ್ಲಾಸ್ಟಿಕ್ ಬದಲಿಸಿದರು. ಲೋಹ ಉಳಿಯಿತು.

ಗುರುವಾರದ ಫಿಲ್ಮನ್ನು ಟ್ರಂಕಿಗೆ ಹಾಕಿಸೋಣ ಅಂತ ಅವಳ ಮನೆಗೆ ಹೋದೆ. ಮೂರು ಬೀದಿ ಆಚೆ. ಆಟೋ ಹಿಡಿಯಲಿಲ್ಲ. ಬಾಗಿಲಲ್ಲೇ ತಡೆದು, "ಚಪ್ಪಲಿ ಅಲ್ಲೇ ಬಿಡಿ, ಈಗಷ್ಟೇ ನೆಲ ಒರೆಸಿದ್ದೀನಿ" ಅಂದಳು.